ಮೂಲೆಯಲ್ಲಿ ನಿಂತವನ ಕೈಗೆ ಚೆಂಡು ಬಂದಾಗ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. 1993ರ ಫೈನಲ್ಸ್, ಆರನೇ ಪಂದ್ಯ. ಕೊನೆಯ ಹದಿನೈದು ಸೆಕೆಂಡಿನ ಆ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಶಿಕಾಗೋ ಬುಲ್ಸ್ ತಂಡ ಫೀನಿಕ್ಸ್ ಸನ್ಸ್‌ಗಿಂತ ಎರಡು ಪಾಯಿಂಟ್ ಹಿಂದಿದೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಅಲ್ಲಿಯವರೆಗೆ ಬುಲ್ಸ್ ಗಳಿಸಿದ್ದು ಬರೀ 9 ಪಾಯಿಂಟ್. ಒಂಬತ್ತೂ ಮೈಕಲ್ ಜೋರ್ಡನ್ ಹಾಕಿದ್ದೇ. ಈ ಶಾಟ್ ಕೂಡ ಅವನದೇ ಅಂತ ಕೋರ್ಟಿನಲ್ಲಿದ್ದ ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಜೋರ್ಡನ್ ಚೆಂಡನ್ನು ಸ್ಕಾಟಿ ಪಿಪ್ಪೆನ್‌ಗೆ ಕೊಡುತ್ತಾನೆ. ಪಿಪ್ಪೆನ್ ಒಳಗೆ ನುಗ್ಗಿ ಹೊರೇಸ್ ಗ್ರಾಂಟ್‌ಗೆ ಕೊಡುತ್ತಾನೆ. ಗ್ರಾಂಟ್ ರಿಂಗಿನ ಹತ್ತಿರವೇ ಇದ್ದಾನೆ. ಚೆಂಡು ಹಿಡಿದವನೇ ಹೊರಗೆ ನಿಂತಿದ್ದ ಜಾನ್ ಪ್ಯಾಕ್ಸನ್ ಕಡೆಗೆ ಎಸೆಯುತ್ತಾನೆ. ಪ್ಯಾಕ್ಸನ್ ತ್ರೀ, ಅಂದರೆ ದೂರದಿಂದ ಹಾಕುವ ಮೂರು ಪಾಯಿಂಟಿನ ಶಾಟ್, ಹಾಕುತ್ತಾನೆ. 99-98. ಗಡಿಯಾರದಲ್ಲಿ 3.9 ಸೆಕೆಂಡ್ ಉಳಿದಿದೆ.

ಎಲ್ಲರೂ ಪ್ಯಾಕ್ಸನ್‌ನ ಶಾಟ್ ನೆನಪಿಟ್ಟುಕೊಂಡಿದ್ದಾರೆ. ನೆನಪಿಡಬೇಕಾದದ್ದೇ. ಆದರೆ ನನ್ನ ಕಣ್ಣು ಪ್ರತಿ ಸಲ ಗ್ರಾಂಟ್ ಮೇಲೆ ನಿಲ್ಲುತ್ತದೆ. ಅವನು ಸ್ಟಾರ್ ಅಲ್ಲ. ರಿಬೌಂಡ್ (ತಪ್ಪಿದ ಶಾಟಿನ ಚೆಂಡು) ಹಿಡಿಯುವುದು, ಸ್ಕ್ರೀನ್ ಹಾಕುವುದು (ಎದುರಾಳಿಗೆ ಅಡ್ಡ ನಿಂತು ಜೊತೆಗಾರನಿಗೆ ದಾರಿ ಬಿಡಿಸುವುದು), ಎದುರಾಳಿಯ ದೊಡ್ಡ ಆಟಗಾರರನ್ನು ತಡೆಯುವುದು ಅವನ ಕೆಲಸ. ಇಡೀ ಋತುವಿನ ಅತಿ ದೊಡ್ಡ ಕ್ಷಣದಲ್ಲಿ ಚೆಂಡು ಅವನ ಕೈಗೆ ಬಂತು. ಅವನು ಒಂದು ಸೆಕೆಂಡ್ ಕೂಡ ಇಟ್ಟುಕೊಳ್ಳಲಿಲ್ಲ. ಡಿಫೆನ್ಸ್ ಎಲ್ಲಿ ಒಡೆದಿದೆ ಅಂತ ಅವನಿಗೆ ಕಂಡಿತ್ತು. ಅಷ್ಟೇ.

ಅಷ್ಟೇ ಅಂತ ಬರೆದುಬಿಟ್ಟೆ. ಆದರೆ ಅದು ಎಷ್ಟು ಕಷ್ಟ ಅಂತ ನನಗೆ ಚೆನ್ನಾಗಿ ಗೊತ್ತು.

ನಾನು ಆಡುತ್ತಿದ್ದ ದಿನಗಳಲ್ಲಿ ನಮ್ಮ ತಂಡದಲ್ಲಿ ಒಬ್ಬ ಅದ್ಭುತ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ನಡೆಸುವವನು, ಇದ್ದ. ಚೆಂಡು ಅವನ ಕೈಯಲ್ಲಿದ್ದರೆ ಉಳಿದ ನಾಲ್ವರಿಗೂ ಧೈರ್ಯ. ಕೋಚ್ ನನಗೆ ಒಂದೇ ಸೂಚನೆ ಕೊಟ್ಟಿದ್ದರು. "ಬಾಲ್ ಬಂದರೆ, ಖಾಲಿ ಇದ್ದೀಯಾ ಹಾಕು. ಇಲ್ಲವಾ, ವಾಪಸ್ ಅವನಿಗೇ ಕೊಡು. ಡ್ರಿಬಲ್ ಮಾತ್ರ ಮಾಡಬೇಡ." ನಾನು ಅದನ್ನು ವರ್ಷಗಟ್ಟಲೆ ಪಾಲಿಸಿದೆ. ಅದರಿಂದ ನಾವು ಪಂದ್ಯ ಗೆದ್ದಿದ್ದೂ ಇದೆ. ಆಮೇಲೆ ಒಂದು ನಾಕೌಟ್ ಪಂದ್ಯ ಬಂತು. ಎದುರಾಳಿಗಳು ನಮ್ಮ ಗಾರ್ಡ್ ಮೇಲೆ ಇಬ್ಬಿಬ್ಬರನ್ನು ಬಿಟ್ಟರು. ಅರ್ಧ ಕೋರ್ಟ್ ದಾಟುವಷ್ಟರಲ್ಲೇ ಅವನು ಸಿಕ್ಕಿಬೀಳುತ್ತಿದ್ದ. ನಾನು ಮಧ್ಯಕ್ಕೆ ಓಡಿ ಬಂದೆ. ಅವನು ಹೇಗೋ ನನಗೆ ಪಾಸ್ ತಲುಪಿಸಿದ. ರಿಂಗಿನ ಮುಂದಿರುವ ಫ್ರೀ ಥ್ರೋ ಲೈನಿನ ಹತ್ತಿರ ಚೆಂಡು ಹಿಡಿದು ತಿರುಗಿದೆ. ನನ್ನೆದುರು ಮೂವರು ಡಿಫೆಂಡರ್‌ಗಳು. ನಾನು ಸೇರಿ ನಾವು ನಾಲ್ವರು. ಆಟದಲ್ಲಿ ಇದಕ್ಕಿಂತ ಒಳ್ಳೆ ಅವಕಾಶ ಸಿಗುವುದು ಅಪರೂಪ.

ನಾನು ಚೆಂಡನ್ನು ತಲೆ ಮೇಲೆ ಎತ್ತಿ ಹಿಡಿದು, ಗಾರ್ಡ್ ಬಿಡಿಸಿಕೊಂಡು ಬರಲಿ ಅಂತ ಕಾದೆ. ಎರಡು ಸೆಕೆಂಡ್, ಮೂರು ಸೆಕೆಂಡ್. ಅಷ್ಟರಲ್ಲಿ ಹಿಂದೆ ಉಳಿದಿದ್ದ ಇಬ್ಬರೂ ಓಡಿ ಬಂದರು. ಮೂವರು ಐವರಾದರು. ಅವತ್ತು ರಾತ್ರಿ ಇದೇ ಆರೇಳು ಸಲ ಆಯಿತು. ಬೆಂಚಿನಿಂದ ಕೋಚ್ ಕೂಗುತ್ತಿದ್ದರು, "ಯಾಕೋ ನಿಂತೆ? ಹೋಗೋ ಮುಂದೆ!" ಹೋಗುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಅಭ್ಯಾಸದಲ್ಲಿ ಒಂದು ದಿನವೂ ಆ ಜಾಗದಲ್ಲಿ ಚೆಂಡು ನನ್ನ ಕೈಗೆ ಬಂದಿರಲಿಲ್ಲ.

ಕೋಚ್ ಕೆಟ್ಟವರಲ್ಲ. ಅವರಿಗೆ ಗೊತ್ತಿದ್ದ ಆಟವೇ ಅದು. ಆದರೆ ಆ ಪಂದ್ಯದ ನಂತರ ನಾನು ಬಾಸ್ಕೆಟ್‌ಬಾಲ್ ನೋಡುವ ರೀತಿ ಬದಲಾಯಿತು. ಸ್ಟಾರ್ ಚೆಂಡು ಬಿಟ್ಟ ಮೇಲೆ ಏನಾಗುತ್ತದೆ ಅನ್ನುವುದನ್ನೇ ಜಾಸ್ತಿ ನೋಡತೊಡಗಿದೆ.

ಲೆಕ್ಕ ಸರಳ. ಒಬ್ಬನ ಮೇಲೆ ಇಬ್ಬರು ಬಂದರೆ ಉಳಿದ ಕಡೆ ನಾಲ್ವರಿಗೆ ಮೂವರು. ಈ ಲೆಕ್ಕವನ್ನು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದಷ್ಟು ಚೆನ್ನಾಗಿ ಬಳಸಿಕೊಂಡವರು ಕಡಿಮೆ. ಸ್ಟೆಫ್ ಕರ್ರಿ ಸ್ಕ್ರೀನ್ ದಾಟಿ ಬಂದಾಗ ಇಬ್ಬರು ಅವನ ಮೇಲೆ ಬೀಳುತ್ತಾರೆ. ಬೀಳದಿದ್ದರೆ ಅವನು ಮೂವತ್ತು ಅಡಿಯಿಂದಲೂ ಹಾಕುತ್ತಾನೆ. ಆಗ ಸ್ಕ್ರೀನ್ ಹಾಕಿದ ಡ್ರೇಮಂಡ್ ಗ್ರೀನ್ ರಿಂಗಿನವರೆಗೂ ಓಡದೆ ಫ್ರೀ ಥ್ರೋ ಲೈನಿನ ಹತ್ತಿರ ನಿಲ್ಲುತ್ತಾನೆ. ಕರ್ರಿ ಅಲ್ಲಿಗೆ ಪಾಸ್ ಕೊಡುತ್ತಾನೆ. ಇದಕ್ಕೆ ಶಾರ್ಟ್ ರೋಲ್ ಅನ್ನುತ್ತಾರೆ. ನಾನು ಹೆಪ್ಪುಗಟ್ಟಿ ನಿಂತಿದ್ದ ಜಾಗ ಅದೇ.

ಗ್ರೀನ್ ಅಲ್ಲಿ ಏನು ಮಾಡುತ್ತಾನೆ ಗಮನಿಸಿ. ಚೆಂಡು ಕೈಗೆ ಬರುವ ಮೊದಲೇ ಅವನು ನೋಡಿಯಾಗಿರುತ್ತದೆ. ರಿಂಗಿನ ಕೆಳಗಿರುವ ಡಿಫೆಂಡರ್ ಯಾವ ಕಡೆ ವಾಲಿದ್ದಾನೆ ಅನ್ನುವುದೇ ಅವನ ಪ್ರಶ್ನೆ. ಆ ಡಿಫೆಂಡರ್ ನಿನ್ನ ಕಡೆ ಮೇಲೆ ಬಂದರೆ, ಅವನ ಹಿಂದೆ ನಿಂತಿರುವ ನಿಮ್ಮ ದೊಡ್ಡ ಆಟಗಾರನಿಗೆ ಎತ್ತಿ ಹಾಕು. ಕೆಳಗೇ ಉಳಿದರೆ, ನೀನೇ ಎರಡು ಡ್ರಿಬಲ್‌ನಲ್ಲಿ ರಿಂಗಿನ ಹತ್ತಿರ ಹೋಗಿ ಲೇಅಪ್ ಹಾಕು. ಕಾರ್ನರ್‌ನಲ್ಲಿ ಇದ್ದವನ ಡಿಫೆಂಡರ್ ಒಳಗೆ ಬಂದರೆ, ಚೆಂಡು ಕಾರ್ನರ್‌ಗೆ. ಮೂರು ಉತ್ತರ, ಒಂದು ಸೆಕೆಂಡಿಗಿಂತ ಕಡಿಮೆ ಸಮಯ. 2012ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ದಿನ) 35ನೆಯವನಾಗಿ ಆಯ್ಕೆಯಾದ ಹುಡುಗ ಇವನು. 2015-16ರಲ್ಲಿ ಪ್ರತಿ ಪಂದ್ಯಕ್ಕೆ 7.4 ಅಸಿಸ್ಟ್ (ಬುಟ್ಟಿಗೆ ಬಿದ್ದ ಶಾಟಿಗೆ ದಾರಿಯಾದ ಪಾಸ್) ಕೊಟ್ಟ. ಆ ವರ್ಷ ವಾರಿಯರ್ಸ್ 73 ಪಂದ್ಯ ಗೆದ್ದರು. ಅವನು ಎದುರಿಗಿರುವ ಡಿಫೆಂಡರ್‌ನನ್ನು ಒಬ್ಬನೇ ಏಮಾರಿಸಿ ಹೋಗುವ ಆಟಗಾರ ಅಲ್ಲ. ಶಾಟ್ ಕೂಡ ಅಷ್ಟೇನೂ ನಂಬುವಂಥದ್ದಲ್ಲ. ಆದರೂ ಕರ್ರಿ ಮೇಲೆ ಇಬ್ಬರನ್ನು ಕಳಿಸುವ ಮೊದಲು ಎದುರಾಳಿ ಎರಡು ಸಲ ಯೋಚಿಸಬೇಕು. ಅದಕ್ಕೆ ಕಾರಣ ಅವನು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ರೋಲ್ ಪ್ಲೇಯರ್ (ಸ್ಟಾರ್ ಸುತ್ತ ಒಂದೆರಡು ಕೆಲಸ ಮಾತ್ರ ಮಾಡುವ ಆಟಗಾರ) ಕೂಡ ಆಟ ಕಟ್ಟಬೇಕು ಅಂದಾಗ ಜನ ತಪ್ಪು ತಿಳಿಯುತ್ತಾರೆ. ಎಲ್ಲರೂ ಸ್ಟಾರ್ ಥರ ಕಾಲುಗಳ ನಡುವೆ ಡ್ರಿಬಲ್ ಮಾಡುತ್ತಾ ನಿಲ್ಲಬೇಕು ಅಂದುಕೊಳ್ಳುತ್ತಾರೆ. ಅದಲ್ಲ. ಆಟ ಕಟ್ಟುವುದರಲ್ಲಿ ಎರಡು ಬಗೆ ಇದೆ. ಒಂದು, ಏನೂ ಇಲ್ಲದ ಕಡೆ ಬಿರುಕು ಉಂಟು ಮಾಡುವುದು. ಡಿಫೆನ್ಸ್ ನೆಟ್ಟಗೆ ನಿಂತಿದೆ, ಐವರೂ ತಮ್ಮ ಜಾಗದಲ್ಲಿದ್ದಾರೆ, ಆದರೂ ಒಬ್ಬ ಅದನ್ನು ಸೀಳಿ ಒಳಗೆ ಹೋಗುತ್ತಾನೆ. ಇದು ಪ್ರಪಂಚದಲ್ಲಿ ಕೆಲವೇ ಜನರಿಗೆ ಸಾಧ್ಯ. ಅವರಿಗೆ ಅಷ್ಟು ಹಣ ಕೊಡುವುದು ಸುಮ್ನೆ ಅಲ್ಲ. ಎರಡನೆಯದು, ಬಿದ್ದ ಬಿರುಕು ಮುಚ್ಚಿಹೋಗದಂತೆ ನೋಡಿಕೊಳ್ಳುವುದು. ಸ್ಟಾರ್ ಒಳಗೆ ನುಗ್ಗಿ ಹೊರಗೆ ಎಸೆದ. ನಿನ್ನ ಡಿಫೆಂಡರ್ ನಿನ್ನ ಕಡೆಗೆ ಓಡೋಡಿ ಬರುತ್ತಿದ್ದಾನೆ. ಅವನ ತೂಕವೆಲ್ಲ ಮುಂದಕ್ಕಿದೆ. ಈಗ ನೀನು ಹಾಕುವಂತೆ ತೋರಿಸಿ, ಅವನ ಪಕ್ಕದಿಂದ ಒಂದೇ ಡ್ರಿಬಲ್‌ನಲ್ಲಿ ದಾಟಿದರೆ ಇನ್ನೊಬ್ಬ ನಿನ್ನ ಮೇಲೆ ಬರಲೇಬೇಕು. ಆಗ ಇನ್ನೊಬ್ಬ ಖಾಲಿ. ಬಿರುಕು ದೊಡ್ಡದಾಯಿತು. ಅದರ ಬದಲು ನೀನು ಚೆಂಡು ಹಿಡಿದು ನಿಂತರೆ, ಸ್ಟಾರ್ ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ. ಅವನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅಷ್ಟರಲ್ಲಿ, ಶಾಟ್ ಹಾಕಲು ಇರುವ 24 ಸೆಕೆಂಡಿನ ಗಡಿಯಾರದಲ್ಲಿ ಏಳೋ ಎಂಟೋ ಉಳಿದಿರುತ್ತದೆ.

ಈ ಎರಡನೇ ಬಗೆಯನ್ನು ಕಲಿಸಬಹುದು. ನಾನು ಇದನ್ನು ಪೂರ್ತಿಯಾಗಿ ನಂಬುತ್ತೇನೆ.

ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡದಲ್ಲಿ ಅರ್ಧ ಸೆಕೆಂಡಿನ ನಿಯಮ ಇತ್ತು. ಚೆಂಡು ಬಂದ ಅರ್ಧ ಸೆಕೆಂಡಿನಲ್ಲಿ ಹಾಕು, ಕೊಡು, ಇಲ್ಲವೇ ನುಗ್ಗು. ನಿಲ್ಲಬೇಡ. 2014ರ ಫೈನಲ್ಸ್‌ನಲ್ಲಿ ಮಯಾಮಿ ಹೀಟ್ ಎದುರು ಮೊದಲ ಎರಡು ಪಂದ್ಯಗಳಲ್ಲಿ ಒಂದೊಂದು ಸಮ ಆಗಿತ್ತು. ಮೂರನೇ ಪಂದ್ಯಕ್ಕೆ ಕೋಚ್ ಗ್ರೆಗ್ ಪಾಪೊವಿಚ್ ಬೋರಿಸ್ ಡಿಯಾವ್‌ನನ್ನು ಮೊದಲ ಐವರಲ್ಲಿ ಇಳಿಸಿದರು. ಡಿಯಾವ್ ಅಂದರೆ ಎರಡು ವರ್ಷ ಹಿಂದೆ ಶಾರ್ಲೆಟ್ ತಂಡ ಬೇಡ ಅಂತ ಬಿಟ್ಟ ಆಟಗಾರ. ವೇಗ ಇಲ್ಲ, ಎತ್ತರದ ಜಿಗಿತ ಇಲ್ಲ. ಆದರೆ ಚೆಂಡು ಅವನ ಕೈಗೆ ಬಂದರೆ ಮುಂದಿನ ಎರಡು ಪಾಸ್ ಅವನ ತಲೆಯಲ್ಲಿ ಇರುತ್ತಿತ್ತು. ಸ್ಪರ್ಸ್ ಅಲ್ಲಿಂದ ಮೂರೂ ಪಂದ್ಯಗಳನ್ನು 19, 21, 17 ಪಾಯಿಂಟ್ ಅಂತರದಲ್ಲಿ ಗೆದ್ದು ಕಪ್ ಎತ್ತಿದರು. ಆ ಸರಣಿಯಲ್ಲಿ ಸ್ಪರ್ಸ್ ಪರ ಅತಿ ಹೆಚ್ಚು ಅಸಿಸ್ಟ್ ಕೊಟ್ಟಿದ್ದು ಪಾಯಿಂಟ್ ಗಾರ್ಡ್ ಟೋನಿ ಪಾರ್ಕರ್ ಅಲ್ಲ, ಡಿಯಾವ್. ಪಂದ್ಯಕ್ಕೆ 5.8. ಅವನು ಹಾಕಿದ್ದು ಪಂದ್ಯಕ್ಕೆ ಆರು ಪಾಯಿಂಟ್ ಚಿಲ್ಲರೆ ಅಷ್ಟೇ.

ಆ ಮೂರು ಪಂದ್ಯಗಳನ್ನು ಇವತ್ತಿಗೂ ಶಬ್ದ ಬಂದ್ ಮಾಡಿ ನೋಡುತ್ತೇನೆ. ಕಾಮೆಂಟರಿ ಬೇಡ ಅನ್ನಿಸುತ್ತದೆ. ಚೆಂಡು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವ ಲಯವೇ ಸಾಕು.

ಇದಕ್ಕೆ ತದ್ವಿರುದ್ಧ ಅಂತ 2018ರ ಹ್ಯೂಸ್ಟನ್ ರಾಕೆಟ್ಸ್ ತಂಡವನ್ನು ತೋರಿಸುತ್ತಾರೆ. ಅದು ಪೂರ್ತಿ ನ್ಯಾಯ ಅಲ್ಲ. ಆ ವರ್ಷ ಅವರು 65 ಪಂದ್ಯ ಗೆದ್ದಿದ್ದರು. ಜೇಮ್ಸ್ ಹಾರ್ಡನ್ ಮತ್ತು ಕ್ರಿಸ್ ಪಾಲ್, ಇಬ್ಬರಲ್ಲಿ ಒಬ್ಬ ಚೆಂಡು ಹಿಡಿದು ಆಟ ಕಟ್ಟುತ್ತಿದ್ದ. ಉಳಿದವರು ತಮ್ಮ ತಮ್ಮ ಜಾಗದಲ್ಲಿ ತ್ರೀ ಹಾಕಲು ಸಿದ್ಧವಾಗಿರುತ್ತಿದ್ದರು. ಬಹಳ ಚೆನ್ನಾಗಿಯೇ ನಡೆಯಿತು. ಪ್ಲೇಆಫ್‌ನಲ್ಲಿ (ಋತುವಿನ ಕೊನೆಯ ನಾಕೌಟ್ ಘಟ್ಟ) ವಾರಿಯರ್ಸ್ ಎದುರಿನ ಏಳು ಪಂದ್ಯಗಳ ಸರಣಿಯಲ್ಲಿ 3-2 ಮುಂದೆ ಇದ್ದರು. ಐದನೇ ಪಂದ್ಯದ ಕೊನೆಯಲ್ಲಿ ಪಾಲ್‌ನ ತೊಡೆಯ ಸ್ನಾಯುವಿಗೆ ಪೆಟ್ಟಾಯಿತು. ಮುಂದಿನ ಎರಡೂ ಪಂದ್ಯ ಸೋತರು. ಏಳನೇ ಪಂದ್ಯದಲ್ಲಿ ಸತತ 27 ತ್ರೀ ತಪ್ಪಿದವು. ಒಟ್ಟು 44ರಲ್ಲಿ 7 ಮಾತ್ರ ಬಿದ್ದವು.

ಅದೃಷ್ಟ ಕೈಕೊಟ್ಟಿತು ಅಂತ ಹೇಳುವವರಿದ್ದಾರೆ. ಹೌದು, 27 ತಪ್ಪುವುದರಲ್ಲಿ ಅದೃಷ್ಟದ ಪಾಲು ಇದ್ದೇ ಇದೆ. ಆದರೆ ನನ್ನ ಮನಸ್ಸು ಬೇರೆ ಕಡೆ ಹೋಗುತ್ತದೆ. ಶಾಟ್ ಬೀಳದ ರಾತ್ರಿ ಮೂಲೆಯಲ್ಲಿ ನಿಂತವನಿಗೆ ಇನ್ನೇನು ದಾರಿ ಇತ್ತು? ಮತ್ತೆ ಅದೇ ಶಾಟ್. ಮತ್ತೆ ಅದೇ. ವರ್ಷವಿಡೀ ಹಿಡಿದು ಹಾಕುವುದನ್ನೇ ಮಾಡಿದವನು ಅವತ್ತು ದಿಢೀರನೆ ಒಳಗೆ ನುಗ್ಗಿ ಇನ್ನೊಬ್ಬನಿಗೆ ಆಟ ಕಟ್ಟಿಕೊಡುವುದು ಹೇಗೆ? ಆ ಹೊತ್ತಿಗೆ ಹೊಸದೇನನ್ನೂ ಕಲಿಯುವುದಕ್ಕಾಗುವುದಿಲ್ಲ. ಎರಡು ಕಾಲಲ್ಲಿ ನಿಂತಿದ್ದ ತಂಡದ ಒಂದು ಕಾಲು ಹೋಗಿತ್ತು.

ಈಗ ಬ್ರೂಸ್ ಬ್ರೌನ್ ವಿಷಯಕ್ಕೆ ಬರುತ್ತೇನೆ. ಈ ಬರಹ ಬರೆಯಬೇಕು ಅನ್ನಿಸಿದ್ದೇ ಅವನಿಂದ. ಆರಡಿ ನಾಲ್ಕಂಗುಲದ ಗಾರ್ಡ್. 2020-21ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡದಲ್ಲಿ ಕೆವಿನ್ ಡ್ಯುರಾಂಟ್, ಹಾರ್ಡನ್, ಕೈರಿ ಇರ್ವಿಂಗ್ ಮೂವರೂ ಇದ್ದರು. ಬ್ರೌನ್‌ಗೆ ಹೊರಗಿನಿಂದ ಶಾಟ್ ಅಷ್ಟಾಗಿ ಇರಲಿಲ್ಲ. ಕಾರ್ನರ್‌ನಲ್ಲಿ ನಿಲ್ಲಿಸಿದರೆ ಅವನ ಡಿಫೆಂಡರ್ ಅವನನ್ನು ಬಿಟ್ಟು ಒಳಗೆ ಹೋಗಿ ನಿಲ್ಲುತ್ತಿದ್ದ. ಅದಕ್ಕೆ ಅವನನ್ನು ಸೆಂಟರ್ (ರಿಂಗಿನ ಹತ್ತಿರ ಆಡುವ ಎತ್ತರದ ಆಟಗಾರ) ಥರ ಬಳಸಿದರು. ಸ್ಕ್ರೀನ್ ಹಾಕು, ಮಧ್ಯದಲ್ಲಿ ಚೆಂಡು ಹಿಡಿ, ಫ್ಲೋಟರ್ (ಓಡುತ್ತಲೇ ಡಿಫೆಂಡರ್ ಮೇಲಿಂದ ಎತ್ತಿ ಹಾಕುವ ಶಾಟ್) ಹಾಕು ಇಲ್ಲವೇ ಪಾಸ್ ಕೊಡು. ಗಾರ್ಡ್ ಆಗಿ ಬೆಳೆದವನಿಗೆ ಡ್ರಿಬಲ್ ಗೊತ್ತಿತ್ತು, ಕಣ್ಣು ತೆರೆದಿತ್ತು. ಆಮೇಲೆ ಡೆನ್ವರ್ ನಗೆಟ್ಸ್‌ಗೆ ಹೋದ. ಅಲ್ಲಿ ಬೆಂಚಿನಿಂದ ಬರುವ ಎರಡನೇ ಐವರಲ್ಲಿ ಚೆಂಡು ನಡೆಸುವ ಕೆಲಸವನ್ನೂ ಅವನಿಗೆ ವಹಿಸಿದರು. ಋತುವಿನುದ್ದಕ್ಕೂ.

2023ರ ಫೈನಲ್ಸ್, ಮಯಾಮಿಯಲ್ಲಿ ನಾಲ್ಕನೇ ಪಂದ್ಯ. ನಾಲ್ಕನೇ ಕ್ವಾರ್ಟರ್‌ನಲ್ಲಿ ನಿಕೋಲಾ ಯೋಕಿಚ್‌ಗೆ ಐದನೇ ಫೌಲ್. ಇನ್ನೊಂದಾದರೆ ಪಂದ್ಯದಿಂದಲೇ ಹೊರಗೆ. ಅವನು ಬೆಂಚಿಗೆ ಹೋದ. ಡೆನ್ವರ್‌ನ ಆಟವೆಲ್ಲ ಹಾದುಹೋಗುವುದು ಯೋಕಿಚ್ ಕೈಯಿಂದ. ನನ್ನ ಎದೆ ಢವಢವ ಅಂದಿತು. ಇನ್ನು ಮುನ್ನಡೆ ಕರಗಿಹೋಗುತ್ತದೆ ಅಂದುಕೊಂಡೆ. ಕರಗಲಿಲ್ಲ. ಆ ಕ್ವಾರ್ಟರ್ ಒಂದರಲ್ಲೇ ಬ್ರೌನ್ 11 ಪಾಯಿಂಟ್ ಹಾಕಿದ. ಒಟ್ಟು 21. ಬೆಂಚಿನಿಂದ ಬಂದವನು! ಡ್ರಿಬಲ್ ಮಾಡುತ್ತಾ, ಡಿಫೆಂಡರ್ ಹಿಂದೆ ಸರಿಯುವುದನ್ನು ನೋಡುತ್ತಾ, ತನಗೆ ಬೇಕಾದ ಶಾಟ್ ತಾನೇ ಮಾಡಿಕೊಂಡ. ಡೆನ್ವರ್ 108-95ರಿಂದ ಗೆದ್ದಿತು. ಮುಂದಿನ ಪಂದ್ಯದಲ್ಲಿ ಕಪ್ ಕೂಡ.

ಅವತ್ತು ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ನೂರು ಸಲ ಮಾಡಿದ್ದನ್ನು ನೂರಾ ಒಂದನೇ ಸಲ ಮಾಡುವವನ ಮುಖ ಅದು. ನಾಕೌಟ್ ಪಂದ್ಯದಲ್ಲಿ ಚೆಂಡು ತಲೆ ಮೇಲೆ ಹಿಡಿದು ನಿಂತಿದ್ದ ನನಗೂ ಅವನಿಗೂ ಇದ್ದ ವ್ಯತ್ಯಾಸ ಬರೀ ಪ್ರತಿಭೆಯದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಪ್ರತಿಭೆಯದ್ದು ಬಹಳ ಇದೆ, ಸರಿ. ಆದರೆ ಅವನಿಗೆ ಮೊದಲೇ ಚೆಂಡು ಸಿಕ್ಕಿತ್ತು. ಯಾರೂ ನೆನಪಿಟ್ಟುಕೊಳ್ಳದ ಚಳಿಗಾಲದ ಪಂದ್ಯಗಳಲ್ಲಿ ಸಿಕ್ಕಿತ್ತು. ಅಲ್ಲಿ ತಪ್ಪು ಮಾಡಲು ಅವಕಾಶ ಇತ್ತು. ಡಲ್ಲಾಸ್‌ನ ಜೇಲನ್ ಬ್ರನ್ಸನ್ ಕಥೆಯೂ ಇಂಥದ್ದೇ. 2022ರ ಪ್ಲೇಆಫ್ ಮೊದಲ ಸುತ್ತಿನಲ್ಲಿ ತಂಡದ ಸ್ಟಾರ್ ಲೂಕಾ ಡಾನ್ಚಿಚ್ ಗಾಯದಿಂದ ಮೂರು ಪಂದ್ಯ ಹೊರಗುಳಿದ. ಎರಡನೇ ಪಂದ್ಯದಲ್ಲಿ ಬ್ರನ್ಸನ್ 41 ಹಾಕಿದ, ಒಂದೂ ಟರ್ನೋವರ್ ಇಲ್ಲದೆ, ಅಂದರೆ ಒಂದು ಸಲವೂ ಚೆಂಡು ಕಳೆದುಕೊಳ್ಳದೆ. ಅವನು ಆಮೇಲೆ ನ್ಯೂಯಾರ್ಕ್‌ಗೆ ಹೋಗಿ ದೊಡ್ಡ ಸ್ಟಾರ್ ಆದ, ಅದು ಬೇರೆಯೇ ಮಾತು. ಅಂಥವರು ಎಲ್ಲ ತಂಡದಲ್ಲೂ ಅಡಗಿ ಕುಳಿತಿರುವುದಿಲ್ಲ.

ಹಾಗಂತ ಎಲ್ಲರ ಕೈಗೂ ಚೆಂಡು ಕೊಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಕೋಚ್‌ಗಳ ಭಯಕ್ಕೆ ಕಾರಣ ಇದೆ. ಯೂಸೇಜ್ ರೇಟ್ ಅಂತ ಒಂದು ಲೆಕ್ಕ ಇದೆ. ಒಬ್ಬ ಆಟಗಾರ ಕೋರ್ಟಿನಲ್ಲಿದ್ದಾಗ ತಂಡದ ಎಷ್ಟು ಸರದಿಗಳು ಅವನ ಶಾಟ್, ಫ್ರೀ ಥ್ರೋ ಅಥವಾ ಟರ್ನೋವರ್‌ನಲ್ಲಿ ಮುಗಿಯುತ್ತವೆ ಅನ್ನುವ ಲೆಕ್ಕ. ಐವರಿಗೆ ನೂರು ಹಂಚಿದರೆ ತಲಾ 20. ಸ್ಟಾರ್ 30ರ ಮೇಲೆ ಹೋದರೆ ಯಾರೋ 12ಕ್ಕೆ ಇಳಿಯಲೇಬೇಕು. ಆ 12ರವನು ತನಗೆ ಸಿಗುವ ಸುಲಭದ ಶಾಟ್‌ಗಳನ್ನು ಮಾತ್ರ ಹಾಕುತ್ತಾನೆ, ಅದಕ್ಕೇ ಅವನ ಲೆಕ್ಕ ಚೆನ್ನಾಗಿ ಕಾಣುತ್ತದೆ. ಅವನನ್ನೇ 22ಕ್ಕೆ ಏರಿಸಿದರೆ ಹೊಸದಾಗಿ ಸೇರುವ ಶಾಟ್‌ಗಳೆಲ್ಲ ಕಷ್ಟದವು. ಇದನ್ನು ಮರೆತು, ಚೆನ್ನಾಗಿ ಹಾಕುತ್ತಾನೆ ಅಲ್ವಾ, ಇನ್ನೂ ಜಾಸ್ತಿ ಕೊಡೋಣ ಅಂದರೆ ಏಟು ಬೀಳುತ್ತದೆ.

ಆರನ್ ಗಾರ್ಡನ್‌ನನ್ನು ನೋಡಿ. ಒರ್ಲ್ಯಾಂಡೋದಲ್ಲಿ ಅವನ ಮೇಲೆ ಆಟ ಕಟ್ಟುವ ಭಾರ ಜಾಸ್ತಿ ಇತ್ತು. ಕೆಲವು ರಾತ್ರಿ ಚೆನ್ನಾಗಿತ್ತು, ಬಹಳ ರಾತ್ರಿ ಕಷ್ಟವಾಯಿತು. 2021ರಲ್ಲಿ ಡೆನ್ವರ್‌ಗೆ ಬಂದ ಮೇಲೆ ಅವನ ಪಾಲು ಚಿಕ್ಕದಾಯಿತು. ರಿಂಗಿನ ಹತ್ತಿರ ಹೊಂಚು ಹಾಕುವುದು, ಖಾಲಿ ಜಾಗಕ್ಕೆ ಓಡುವುದು. ಆದರೆ ಒರ್ಲ್ಯಾಂಡೋದಲ್ಲಿ ಕಲಿತದ್ದು ಎಲ್ಲಿಗೂ ಹೋಗಲಿಲ್ಲ. ಬ್ರೌನ್ ಮಿಂಚಿದ ಅದೇ ನಾಲ್ಕನೇ ಪಂದ್ಯದಲ್ಲಿ ಗಾರ್ಡನ್ 27 ಹಾಕಿದ. ಚಿಕ್ಕ ಡಿಫೆಂಡರ್ ಎದುರು ಬಂದರೆ ಚೆಂಡು ಹಿಡಿದು ಏನು ಮಾಡಬೇಕು ಅಂತ ಅವನಿಗೆ ಗೊತ್ತಿತ್ತು. ಚಿಕ್ಕ ಪಾತ್ರದೊಳಗೆ ದೊಡ್ಡ ವಿದ್ಯೆ ಇಟ್ಟುಕೊಂಡಿದ್ದ. ನನಗೆ ಇಂಥ ಆಟಗಾರರ ಮೇಲೆ ವಿಶೇಷ ಪ್ರೀತಿ.

ಇನ್ನೂ ಒಂದು ಉದಾಹರಣೆ ಹೇಳದೆ ಇರಲಾರೆ. ಒಕ್ಲಹೋಮಾ ಸಿಟಿ ಥಂಡರ್‌ನ ಆಂಡ್ರೆ ರಾಬರ್ಸನ್‌ಗೆ ಶಾಟ್ ಇರಲೇ ಇಲ್ಲ. 2016ರ ಪ್ಲೇಆಫ್ ಸರಣಿಯಲ್ಲಿ ಎದುರಾಳಿ ವಾರಿಯರ್ಸ್ ಅವನನ್ನು ಕಾಯದೆ ಪೂರ್ತಿ ಬಿಟ್ಟುಬಿಟ್ಟಿದ್ದರು. ಕೋಚ್ ಬಿಲ್ಲಿ ಡೊನೊವನ್ ಅವನನ್ನು ಮೂಲೆಯಿಂದ ಎತ್ತಿ ಸ್ಕ್ರೀನ್ ಹಾಕಲು ಮಧ್ಯಕ್ಕೆ ತಂದರು. ನಾಲ್ಕನೇ ಪಂದ್ಯದಲ್ಲಿ 17 ಪಾಯಿಂಟ್, 12 ರಿಬೌಂಡ್. ಥಂಡರ್ ಆ ಸರಣಿ ಕೊನೆಗೆ ಏಳನೇ ಪಂದ್ಯದಲ್ಲಿ ಸೋತರು. ಆದರೂ ಆ ಒಂದು ರಾತ್ರಿ ಸಾಕು. ಜನ ಕೈಬಿಟ್ಟ ಆಟಗಾರನನ್ನು ಚೆಂಡಿನ ಹತ್ತಿರ ತಂದರೆ ಅವನು ಬೇರೆ ಮನುಷ್ಯನಾಗುತ್ತಾನೆ.

ಈಗ ನಾನು ಸಂಜೆ ಹೊತ್ತು ಚಿಕ್ಕವರಿಗೆ ಆಟ ಹೇಳಿಕೊಡುತ್ತೇನೆ. ಪ್ರತಿ ಅಭ್ಯಾಸದಲ್ಲಿ ಇಪ್ಪತ್ತು ನಿಮಿಷ ಒಂದೇ ಕೆಲಸ. ತಂಡದ ಅತ್ಯುತ್ತಮ ಗಾರ್ಡ್ ಹೊರಗೆ ಕೂರಬೇಕು. ಉಳಿದವರಲ್ಲಿ ಒಬ್ಬರು ಫ್ರೀ ಥ್ರೋ ಲೈನಿನಲ್ಲಿ ಚೆಂಡು ಹಿಡಿಯಬೇಕು. ಎದುರು ಮೂವರು, ಜೊತೆಗೆ ಮೂವರು. ಎರಡಕ್ಕಿಂತ ಜಾಸ್ತಿ ಡ್ರಿಬಲ್ ಇಲ್ಲ. ಎರಡು ಸೆಕೆಂಡ್ ನಿಂತರೆ ಚೆಂಡು ಎದುರಾಳಿಗೆ. ತಪ್ಪು ಪಾಸ್ ಕೊಟ್ಟರೆ ಪರವಾಗಿಲ್ಲ, ಅದೇ ಜಾಗಕ್ಕೆ ವಾಪಸ್ ಬಂದು ಮತ್ತೆ ಹಿಡಿಯಬೇಕು. ನಿಂತದ್ದಕ್ಕೆ ಮಾತ್ರ ಶಿಕ್ಷೆ, ತಪ್ಪಿದ್ದಕ್ಕೆ ಇಲ್ಲ.

ಒಬ್ಬಳು ಹುಡುಗಿ ಇದ್ದಾಳೆ. ಎತ್ತರ, ಒಳ್ಳೆ ಕೈ, ರಿಬೌಂಡ್ ಅಂದರೆ ಪ್ರಾಣ. ಆದರೆ ಚೆಂಡು ಬಂದರೆ ರಿಂಗ್ ನೋಡುವುದೇ ಇಲ್ಲ. ತಕ್ಷಣ ಕತ್ತು ತಿರುಗಿಸಿ ಗಾರ್ಡ್ ಎಲ್ಲಿ ಅಂತ ಹುಡುಕುತ್ತಾಳೆ. ಮೊದಲ ವಾರ ಬೆಂಚಿನಲ್ಲಿ ಕೂತಿದ್ದ ಗಾರ್ಡ್ ಕಡೆಗೇ ನೋಡಿದಳು. "ಸರ್, ನಂಗೆ ಆಗಲ್ಲ" ಅಂದಳು. ನಾನು ಜಾಸ್ತಿ ಮಾತಾಡಲಿಲ್ಲ. "ಕೆಳಗಿರುವವಳ ಸೊಂಟ ನೋಡು. ಅವಳು ನಿನ್ನ ಕಡೆ ಬಂದಳಾ, ಅಲ್ಲೇ ನಿಂತಳಾ? ಅದೊಂದನ್ನೇ ಹೇಳು" ಅಂದೆ. ಪಾಸ್ ಕೊಡುವುದು ಬೇಡ, ಬಾಯಲ್ಲಿ ಹೇಳಿದರೆ ಸಾಕು. "ಬಂದಳು." "ನಿಂತಳು." "ಬಂದಳು." ಎರಡು ವಾರ ಹೀಗೇ ನಡೆಯಿತು.

ಮೊನ್ನೆ ಅಭ್ಯಾಸ ಪಂದ್ಯ ಇತ್ತು. ಎದುರಾಳಿಗಳು ನಮ್ಮ ಗಾರ್ಡ್ ಮೇಲೆ ಇಬ್ಬರನ್ನು ಕಳಿಸಿದರು. ಚೆಂಡು ಮಧ್ಯದಲ್ಲಿದ್ದ ಇವಳ ಕೈಗೆ ಬಂತು. ಹಿಂದೆ ತಿರುಗಿ ನೋಡಲಿಲ್ಲ. ಒಂದು ಡ್ರಿಬಲ್. ಕೆಳಗಿದ್ದವಳು ಮೇಲೆ ಬಂದಳು. ಇವಳು ಕಾರ್ನರ್ ಕಡೆಗೆ ಜೋರಾಗಿ ಎಸೆದಳು. ತೀರಾ ಜೋರಾಯಿತು. ಚೆಂಡು ಗೆಳತಿಯ ಬೆರಳು ಸವರಿಕೊಂಡು ಲೈನಿನ ಆಚೆ ಹೋಯಿತು. ಅವಳು ನನ್ನ ಕಡೆ ನೋಡಿದಳು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಮುಂದಿನ ಸರದಿಯಲ್ಲಿ ಗಾರ್ಡ್ ಮೇಲೆ ಮತ್ತೆ ಇಬ್ಬರು ಬಿದ್ದರು. ಇವಳು ಆಗಲೇ ಫ್ರೀ ಥ್ರೋ ಲೈನಿನಲ್ಲಿ ಕೈ ಎತ್ತಿ ನಿಂತಿದ್ದಳು. "ಇಲ್ಲಿ, ಇಲ್ಲಿ, ಕೊಡೇ!" ಅಂತ ಕೂಗುತ್ತಿದ್ದಳು.